ಅಲೆಗಳನ್ನು ಹೆಣೆಯುವ ದ್ವೀಪಗಳು

ಬ್ರಿಟನ್ನಿನ ಭೂಪಟದಲ್ಲಿ ಶೆಟ್ಲೆಂಡ್ ದ್ವೀಪಗಳನ್ನು ಹುಡುಕಹೊರಟವರಿಗೆ ಅವು ಬಹುಕಾಲ ಇರಬೇಕಾದ ಕಡೆಯಲ್ಲಿ ಸಿಕ್ಕುತ್ತಿರಲಿಲ್ಲ. ಅಷ್ಟು ಉತ್ತರದಲ್ಲಿರುವ ನಾಡನ್ನು ಅದರ ಸ್ಥಾನದಲ್ಲಿಯೇ ತೋರಿಸಹೋದರೆ ಬರಿಯ ಕಡಲಿಗಾಗಿಯೇ ಕಾಗದ ವ್ಯಯವಾಗುವುದೆಂದು ಪಟ ಬರೆಯುವವರು ಅವುಗಳನ್ನು ಕಿತ್ತು ತಂದು, ಸ್ಕಾಟ್ಲೆಂಡಿನ ಮಗ್ಗುಲಲ್ಲಿ ಒಂದು ಪುಟ್ಟ ಚೌಕದೊಳಗೆ ಕೂರಿಸಿಬಿಡುತ್ತಿದ್ದರು. ದ್ವೀಪದ ಜನಕ್ಕೆ ಇದು ಸಣ್ಣ ಮುಜುಗರವಾಗಿರಲಿಲ್ಲ. ಕಡೆಗೆ 2018ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆ ದ್ವೀಪಗಳಿಗೆಂದೇ ಮಾಡಿದ ಕಾಯಿದೆಯಲ್ಲಿ, ಸರ್ಕಾರಿ ಪಟಗಳು ಶೆಟ್ಲೆಂಡನ್ನು ಅದರ ನಿಜಸ್ಥಾನದಲ್ಲಿಯೇ ತೋರಿಸತಕ್ಕದ್ದು ಎಂಬ ಮಾತೂ ಸೇರಿತು.

ಪಟದಲ್ಲಿ ಸ್ಥಳ ದೊರೆಯುವುದಕ್ಕೆ ಎಷ್ಟೋ ಮೊದಲೇ ಈ ನಾಡು ಲೋಕದ ಉಡುಪಿನ ಪೆಟ್ಟಿಗೆಯಲ್ಲಿ ಸ್ಥಳ ಪಡೆದಿತ್ತು. ಉಂಗುರದೊಳಗೆ ತೂರಿಹೋಗುವಷ್ಟು ನವುರಾದ ಶಾಲು, ಸಾಲುಸಾಲಾಗಿ ಬಣ್ಣದ ಚಿತ್ತಾರವಿರುವ ಸ್ವೆಟರು, ಹಗುರಾದರೂ ಬೆಚ್ಚಗಿರುವ ಕೈಗವಸು—ಇವೆಲ್ಲ ಶೆಟ್ಲೆಂಡಿನ ಹೆಸರನ್ನು ದೂರದೂರಕ್ಕೆ ಒಯ್ದವು. ಮಗ್ಗವಿಲ್ಲ, ಕಾರ್ಖಾನೆಯಿಲ್ಲ, ಕಲಾಶಾಲೆಯಿಲ್ಲ. ಕೆಲವು ಕಡ್ಡಿಗಳು, ಒಂದಿಷ್ಟು ಉಣ್ಣೆ, ಹೆಂಗಸರ ಕೈ—ಇಷ್ಟರಿಂದ ಹುಟ್ಟಿದ ಕೀರ್ತಿ ಇದು. ಇಂಥ ಚೆಲುವು ಅಂಥ ಬರಡು ನಾಡಿನಲ್ಲಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರ ಅಲ್ಲಿಯ ಮನೆಬಾಗಿಲಲ್ಲಿಯೇ ಇದೆ.

ಮರವಿಲ್ಲದ ನಾಡು

ಸ್ಕಾಟ್ಲೆಂಡಿನ ಆಬರ್ಡೀನ್ ಬಂದರಿನಿಂದ ಸಂಜೆಗೆ ಹೊರಡುವ ಹಡಗು ರಾತ್ರಿಯೆಲ್ಲ ಉತ್ತರಾಭಿಮುಖವಾಗಿ ಸಾಗಿ, ಬೆಳಗಾಗುವಾಗ ಲರ್ವಿಕ್ ಪಟ್ಟಣದ ಬೂದುಗಲ್ಲಿನ ಮನೆಗಳ ಮುಂದೆ ನಿಲ್ಲುತ್ತದೆ. ಇದೇ ಶೆಟ್ಲೆಂಡಿನ ರಾಜಧಾನಿ. ಸುಮಾರು ಏಳು ಸಾವಿರ ಜನರ ಊರು. ಇಡೀ ದ್ವೀಪಸ್ತೋಮದಲ್ಲಿ ಸಣ್ಣವು ದೊಡ್ಡವು ಸೇರಿ ನೂರರಷ್ಟು ದ್ವೀಪಗಳಿದ್ದರೂ ಜನವಸತಿಯಿರುವುದು ಹದಿನಾರರಲ್ಲಿ ಮಾತ್ರ. ಎಲ್ಲ ಸೇರಿ ಸುಮಾರು 23,000 ಜನ. ಉತ್ತರ ಅಕ್ಷಾಂಶದ 60ನೆಯ ರೇಖೆ ಈ ನಾಡಿನ ಮೇಲೆಯೇ ಹಾದುಹೋಗುತ್ತದೆ.

ಹಡಗಿನಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಒಂದು ಕೊರತೆ: ಮರವಿಲ್ಲ. ಗಾಳಿ ತಡೆಯುವ ಗೋಡೆಯ ಮರೆಯಲ್ಲಿ, ಪಟ್ಟಣದ ತೋಟಗಳಲ್ಲಿ ಯಾರೋ ಮಕ್ಕಳಂತೆ ಸಾಕಿದ ನಾಲ್ಕು ಮರಗಳನ್ನು ಬಿಟ್ಟರೆ ದಿಗಂತದವರೆಗೆ ಬೋಳುಗುಡ್ಡ, ಹುಲ್ಲು, ಜೌಗು, ಕಲ್ಲು. ಎಲ್ಲಿ ನಿಂತರೂ ಕಡಲು ಐದು ಕಿಲೋಮೀಟರಿಗಿಂತ ದೂರವಿಲ್ಲ. ಕೋಸಿನ ಸಸಿಗಳನ್ನು ಬೆಳೆಸಲು ಕೂಡ ರೈತರು ದುಂಡು ಕಲ್ಲುಗೋಡೆಗಳನ್ನು ಕಟ್ಟಬೇಕಾಗಿತ್ತು. ಗುಡ್ಡದ ಮೇಲೆ ಇಂದಿಗೂ ಕಾಣುವ ಆ ಪುಟ್ಟ ಕೋಟೆಗಳು ಯುದ್ಧಕ್ಕಾಗಿ ಕಟ್ಟಿದವಲ್ಲ, ಸಸಿಗಾಗಿ ಕಟ್ಟಿದವು. ಚಳಿಗಾಲದ ಅತಿ ಚಿಕ್ಕ ದಿನದಲ್ಲಿ ಹಗಲು ಆರು ಗಂಟೆಯೂ ಇರದು. ಬೇಸಗೆಯಲ್ಲಿ ಅದಕ್ಕೆ ವಿರುದ್ಧ: ಸೂರ್ಯ ಮುಳುಗಿದರೂ ಕತ್ತಲೆ ಬರುವುದಿಲ್ಲ, ಮುಸ್ಸಂಜೆಯೊಂದು ನಡುರಾತ್ರಿಯನ್ನು ದಾಟಿ ಮುಂಜಾವಿನ ಕೈ ಹಿಡಿಯುತ್ತದೆ. ‘ಸಿಮರ್ ಡಿಮ್’ ಎಂದು ಅದಕ್ಕೆ ಅಲ್ಲಿಯ ಹೆಸರು.

1469ರವರೆಗೆ ಈ ದ್ವೀಪಗಳು ನಾರ್ವೆ–ಡೆನ್ಮಾರ್ಕಿನ ಅರಸನವು. ಮಗಳ ವರದಕ್ಷಿಣೆಗೆ ಹಣ ಹೊಂದಿಸಲಾರದ ಆ ಅರಸ ದ್ವೀಪಗಳನ್ನು ಸ್ಕಾಟ್ಲೆಂಡಿನ ದೊರೆಗೆ ಒತ್ತೆಯಿಟ್ಟ. ಆ ಒತ್ತೆ ಬಿಡುಗಡೆಯಾಗಲೇ ಇಲ್ಲ. ನಾಡು ಕೈಬದಲಾಯಿಸಿದರೂ ಬಾಯಲ್ಲಿ ಹಳೆಯ ನುಡಿಯ ಚೂರುಗಳು ಉಳಿದವು. ಹಕ್ಕಿ, ಹೂ, ಕುರಿ, ಗಾಳಿ—ಇವುಗಳ ಹೆಸರುಗಳಲ್ಲಿ ಅವು ಇಂದಿಗೂ ಕೇಳಿಸುತ್ತವೆ.

ಬರಡೆಂದು ಮೊದಲ ನೋಟಕ್ಕೆ ತೋರುವ ಈ ನೆಲ ಎರಡನೆಯ ನೋಟಕ್ಕೆ ಬೇರೆಯೇ ಆಗುತ್ತದೆ. ಕಣ್ಣನ್ನು ದಿಗಂತದಿಂದ ಇಳಿಸಿ ಕಾಲಬಳಿಗೆ ತರಬೇಕು, ಅಷ್ಟೆ. ಬೇಸಗೆ ಮೊದಲಾಗುವಾಗ ಕಡಲಂಚಿನ ಬಂಡೆಗಳ ಮೇಲೆ ನಸುಗೆಂಪು ಹೂವುಗಳು ದಿಂಬಿನಂತೆ ಉಬ್ಬಿ ಅರಳುತ್ತವೆ. ಜೌಗಿನಲ್ಲಿ ಒಂದು ಬಗೆಯ ಹುಲ್ಲು ಬಿಳಿಯ ಕುಚ್ಚುಗಳನ್ನು ತಳೆದು ಗಾಳಿಗೆ ತೂಗುತ್ತದೆ. ಆ ಹುಲ್ಲಿಗೆ ದ್ವೀಪದವರು ಇಟ್ಟಿರುವ ಹೆಸರು ‘ಲಕ್ಕಿ ಮಿನಿಯ ಉಣ್ಣೆ’. ಎಂದರೆ ಅಜ್ಜಮ್ಮನ ಉಣ್ಣೆ. ಹುಲ್ಲಿನ ಹೂವಿನಲ್ಲಿಯೂ ಉಣ್ಣೆಯನ್ನೇ ಕಂಡ ಜನ! ಮೇ ತಿಂಗಳಲ್ಲಿ ದಕ್ಷಿಣ ಧ್ರುವದ ಕಡಲಿನಿಂದ ಹಾರಿಬರುವ ಒಂದು ತೆಳುರೆಕ್ಕೆಯ ಹಕ್ಕಿ ಅಲ್ಲಿ ‘ಟಿರಿಕ್’. ಅದರ ಕೂಗೇ ಅದರ ಹೆಸರು. ಗೂಡಿನ ಹತ್ತಿರ ಹೋದವರ ತಲೆಯನ್ನು ಅದು ಕುಕ್ಕದೆ ಬಿಡುವುದಿಲ್ಲ. ಬಣ್ಣದ ಕೊಕ್ಕಿನ, ಹಾಸ್ಯಗಾರನ ಮುಖದ ಪಫಿನ್ ಹಕ್ಕಿಗೆ ‘ಟ್ಯಾಮಿ ನೋರಿ’ ಎಂಬ ಮುದ್ದಿನ ಹೆಸರು. ನೆರೆಹೊರೆಯವರನ್ನು ಕರೆದಂತೆ ಹಕ್ಕಿಯನ್ನು ಕರೆಯುವ ಈ ಅಭ್ಯಾಸವೇ ಅಲ್ಲಿಯ ಹೆಣಿಗೆಯ ಮೊದಲ ಪಾಠ.

ಬಿಡುವಿಲ್ಲದ ಕೈ

ಹತ್ತೊಂಬತ್ತನೆಯ ಶತಮಾನದ ಶೆಟ್ಲೆಂಡಿನಲ್ಲಿ ಗಂಡಸು ಮನೆಯಲ್ಲಿರುತ್ತಿದ್ದುದು ಅಪರೂಪ. ಬೇಸಗೆಯಲ್ಲಿ ಆರು ಹುಟ್ಟುಗಳ ತೆರೆದ ದೋಣಿಯಲ್ಲಿ ದಡ ಕಣ್ಮರೆಯಾಗುವಷ್ಟು ದೂರದ ಆಳಗಡಲಿಗೆ ಮೀನಿಗೆ ಹೋಗುವುದು. ಇಲ್ಲವೇ ಗ್ರೀನ್‌ಲೆಂಡಿನ ಕಡೆಗೆ ತಿಮಿಂಗಿಲ ಬೇಟೆಯ ಹಡಗಿನಲ್ಲಿ. ಅದೂ ಇಲ್ಲದಿದ್ದರೆ ವ್ಯಾಪಾರದ ಹಡಗಿನಲ್ಲಿ ಖಲಾಸಿಯಾಗಿ ಲೋಕ ಸುತ್ತುವುದು. ಮನೆ, ಮಗು, ಹಸು, ಕುರಿ, ನಾಲ್ಕು ಗೇಣು ಹೊಲ—ಎಲ್ಲವೂ ಹೆಂಗಸಿನ ಪಾಲು. ಹೆಣಿಗೆ ಇವೆಲ್ಲದರ ಮೇಲೆ.

ಮರವಿಲ್ಲದ ನಾಡಿನಲ್ಲಿ ಸೌದೆಯೆಲ್ಲಿಂದ? ಜೌಗುನೆಲದಲ್ಲಿ ಸಾವಿರಾರು ವರ್ಷಗಳಿಂದ ಕೊಳೆತು ಕಪ್ಪಾಗಿ ಗಟ್ಟಿಯಾದ ಹುಲ್ಲುಪಾಚಿಯ ಪದರವಿದೆ. ಪೀಟ್ ಎಂದು ಅದರ ಹೆಸರು. ವಸಂತದಲ್ಲಿ ಅದನ್ನು ಇಟ್ಟಿಗೆಯಂತೆ ಕಡಿದು, ಗಾಳಿಬಿಸಿಲಿಗೆ ಒಣಗಿಸಿ, ಬೇಸಗೆ ಮುಗಿಯುವುದರೊಳಗೆ ಮನೆಗೆ ಹೊರಬೇಕು. ಹೊರುತ್ತಿದ್ದುದು ಹೆಂಗಸರು, ಬೆನ್ನಿಗೆ ‘ಕಿಶಿ’ ಎಂಬ ಹುಲ್ಲಿನ ಬುಟ್ಟಿ ಕಟ್ಟಿಕೊಂಡು. ಆ ಕಾಲದ ಛಾಯಾಚಿತ್ರಗಳಲ್ಲಿ ಒಂದು ದೃಶ್ಯ ಮತ್ತೆಮತ್ತೆ ಕಾಣುತ್ತದೆ: ಬೆನ್ನು ಬಾಗುವಷ್ಟು ಭಾರದ ಬುಟ್ಟಿ, ಕಾಲಕೆಳಗೆ ಗುಡ್ಡದ ಹಾದಿ, ಆದರೆ ಎರಡು ಕೈಗಳೂ ಎದೆಯ ಮುಂದೆ ಹೆಣೆಯುತ್ತಲೇ ಇವೆ. ಭಾರ ಬೆನ್ನಿನದು, ನಡಿಗೆ ಕಾಲಿನದು. ಕೈ ಮಾತ್ರ ಸುಮ್ಮನೇಕಿರಬೇಕು ಎಂಬ ಲೆಕ್ಕ!

ಇದಕ್ಕೆ ಅವರಿಗೆ ಒದಗಿದ ಉಪಕರಣ ಒಂದು ಸೊಂಟಪಟ್ಟಿ. ಕುದುರೆಕೂದಲು ತುಂಬಿದ ಚಕ್ಕಳದ ಪುಟ್ಟ ದಿಂಬೊಂದು ಆ ಪಟ್ಟಿಯ ಮೇಲಿರುತ್ತದೆ. ದಿಂಬಿನ ತುಂಬ ತೂತುಗಳು. ಬಲಗೈಯ ಕಡ್ಡಿಯ ಹಿಂತುದಿಯನ್ನು ಒಂದು ತೂತಿಗೆ ಚುಚ್ಚಿಬಿಟ್ಟರೆ ಕಡ್ಡಿ ಅಲ್ಲಾಡದೆ ನಿಲ್ಲುತ್ತದೆ; ಬಲಗೈಗೆ ಅದನ್ನು ಹಿಡಿಯುವ ಕೆಲಸ ತಪ್ಪಿ ನೂಲು ಹಾಕುವ ಕೆಲಸವೊಂದೇ ಉಳಿಯುತ್ತದೆ. ಹೀಗೆ ನಡೆಯುತ್ತ ಹೆಣೆಯಬಹುದು, ಮಾತಾಡುತ್ತ ಹೆಣೆಯಬಹುದು, ನೋಡದೆಯೂ ಹೆಣೆಯಬಹುದು. ಆದ್ದರಿಂದಲೇ ಕಣ್ಣಿಗೆ ಬಿಡುವು. ಆ ಬಿಡುವಿನಲ್ಲಿ ಕಣ್ಣು ಮೋಡ ನೋಡಿತು, ಅಲೆ ನೋಡಿತು, ಬೇಲಿಯಾಚೆಯ ಕುರಿಯ ಮೈಬಣ್ಣ ನೋಡಿತು.

ಚಳಿಗಾಲದ ಕತ್ತಲೆಯಲ್ಲಿ ಕೆಲಸ ಒಳಮನೆಗೆ ಬರುತ್ತಿತ್ತು. ಒಬ್ಬರ ಮನೆಯ ಉಣ್ಣೆಯನ್ನು ಹಿಂಜಲು ನೆರೆಯ ಹುಡುಗಿಯರೆಲ್ಲ ಕೂಡುವುದು. ನಡುವೆ ಪೀಟ್ ಬೆಂಕಿ, ಮೂಲೆಯಲ್ಲಿ ಮೀನೆಣ್ಣೆಯ ದೀಪ. ಹಿಂಜಿದ್ದು ಮುಗಿದ ಮೇಲೆ ಪಿಟೀಲು, ಕುಣಿತ, ಕಥೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ಹಪ್ಪಳ ಸಂಡಿಗೆಗೆ ಓಣಿಯ ಹೆಂಗಸರೆಲ್ಲ ಸೇರುವ ಸಂಭ್ರಮವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಕುರಿಯ ಮೈಯ ಬಣ್ಣ

ಶೆಟ್ಲೆಂಡಿನ ಕುರಿ ಗಿಡ್ಡ, ಗಿಡ್ಡಬಾಲ, ಗಟ್ಟಿಮುಟ್ಟು. ಹುಲ್ಲು ಸಾಲದಾದಾಗ ಕಡಲದಂಡೆಗೆ ಇಳಿದು ಕಡಲಪಾಚಿಯನ್ನು ಮೇಯುವಷ್ಟು ಚತುರ. ಬೇಸಗೆಯ ಹೊತ್ತಿಗೆ ಅದರ ಉಣ್ಣೆ ತಾನಾಗಿಯೇ ಬುಡದಲ್ಲಿ ಸಡಿಲವಾಗುತ್ತದೆ. ಹಿಂದೆಲ್ಲ ಕತ್ತರಿ ಹಾಕದೆ, ಕೈಯಿಂದಲೇ ಮೆಲ್ಲಗೆ ಎಳೆದು ತೆಗೆಯುವುದೇ ರೂಢಿಯಾಗಿತ್ತು. ಕತ್ತರಿಸದ ಎಳೆಗೆ ಮೊಂಡುತುದಿಯಿಲ್ಲವಾದ್ದರಿಂದ ಆ ನೂಲು ಮೈಗೆ ಚುಚ್ಚುವುದಿಲ್ಲ. ಕುತ್ತಿಗೆಯ ಸುತ್ತಲಿನ ಉಣ್ಣೆಯಂತೂ ಅತಿ ನಯ. ಬೆರಳಿಗೆ ಸಿಕ್ಕಿಯೂ ಸಿಕ್ಕದಂತಿರುವ ನೂಲು ಅದರಿಂದಲೇ ಬರುವುದು.

ಆ ಕುರಿಗಳ ಬಣ್ಣಗಳೋ! ಮಂದೆಯ ಒಡೆಯರು ಹನ್ನೊಂದು ಮುಖ್ಯ ಬಣ್ಣಗಳನ್ನೂ ಮೂವತ್ತು ಬಗೆಯ ಮಚ್ಚೆಪಟ್ಟೆಗಳನ್ನೂ ಗುರುತಿಸಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ‘ಮೂರಿಟ್’ ಎಂದರೆ ಜೌಗುನೆಲದ ಕೆಂಪು. ‘ಶೇಲಾ’ ಎಂದರೆ ಮಂಜು ಹೆಪ್ಪುಗಟ್ಟಿದ ಕಪ್ಪುನೆಲದ ಉಕ್ಕಿನ ಬೂದು. ‘ಎಮ್‌ಸ್ಕೆಟ್’ ನೀಲಿ ಬೆರೆತ ಮಬ್ಬುಬೂದು. ‘ಮಿಯೊಗೆಟ್’ ಜೇನಿನ ಹೊಂಬಣ್ಣ. ಇವು ಅಂಗಡಿಯ ಬಣ್ಣಪಟ್ಟಿಯಿಂದ ಬಂದ ಹೆಸರುಗಳಲ್ಲ. ನೆಲವನ್ನೂ ಹಿಮವನ್ನೂ ಮುಗಿಲನ್ನೂ ನೋಡಿದ ಕಣ್ಣು ಕುರಿಯ ಬೆನ್ನಿನ ಮೇಲೆ ಅವನ್ನೇ ಮತ್ತೆ ಕಂಡು ಇಟ್ಟ ಹೆಸರುಗಳು. ಚಳ್ಳಕೆರೆಯ ಕರಿಕಂಬಳಿಗೆ ಹೇಗೆ ಬಣ್ಣ ಬೇಕಿಲ್ಲವೋ ಹಾಗೆಯೇ ಈ ಉಣ್ಣೆಗೂ ಬಣ್ಣ ಹಾಕದೆಯೇ ಒಂದು ಸ್ವೆಟರಿನೊಳಗೆ ಏಳೆಂಟು ಛಾಯೆಗಳನ್ನು ತರಬಹುದು.

ಬಣ್ಣ ಬೇಕೆಂದವರಿಗೆ ಬಂಡೆಗಳಿದ್ದುವು. ಕಲ್ಲಿನ ಮೈಗೆ ಅಂಟಿ ಬೆಳೆಯುವ ಕಲ್ಲುಹೂವನ್ನು ಕೆರೆದು ತಂದು ಕುದಿಸಿದರೆ ಒಂದು ಜಾತಿಯಿಂದ ಕಿತ್ತಳೆಗಂದು, ಇನ್ನೊಂದರಿಂದ ನೇರಳೆಗೆಂಪು. ಕನ್ನಡ ನಾಡಿನ ಗೃಹಿಣಿ ಮಸಾಲೆಗೆ ಹುರಿದು ಹಾಕುವ ಕಲ್ಲುಹೂವೂ ಆ ಕಂದು ಕೊಡುವ ಕಲ್ಲುಹೂವೂ ಒಂದೇ ಕುಟುಂಬದವೆಂದರೆ ಆಶ್ಚರ್ಯವಾಗಬಹುದು. ಕಡುನೀಲಿಗೆ ಮಾತ್ರ ಹಡಗಿನಲ್ಲಿ ಬರುವ ನೀಲಿಯ ದಾರಿ ಕಾಯಬೇಕಾಗಿತ್ತು.

ಮರಳಿನ ಮೇಲಿನ ಗುರುತು

ಶೆಟ್ಲೆಂಡಿನ ಹೆಣಿಗೆಯಲ್ಲಿ ಎರಡು ದೊಡ್ಡ ಮನೆತನಗಳು. ಒಂದು ಜಾಲರಿಯ ಹೆಣಿಗೆ. ಇನ್ನೊಂದು ಬಣ್ಣದ ಹೆಣಿಗೆ.

ಜಾಲರಿಯ ಹೆಣಿಗೆಗೆ ಹೆಸರಾದದ್ದು ಅನ್ಸ್ಟ್ ಎಂಬ ದ್ವೀಪ. ಬ್ರಿಟನ್ನಿನಲ್ಲಿ ಜನ ವಾಸಿಸುವ ಉತ್ತರೋತ್ತರದ ನೆಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಹೆಂಗಸರು ರಾಟೆಯ ಮೇಲೆ ಜೇಡನ ಎಳೆಯಂಥ ನೂಲು ತೆಗೆದು ಶಾಲುಗಳನ್ನು ಹೆಣೆದರು. ಅವುಗಳಲ್ಲಿ ಅತಿ ನವುರಾದದ್ದಕ್ಕೆ ‘ಮದುವೆಯುಂಗುರದ ಶಾಲು’ ಎಂದು ಹೆಸರು ಬಂತು. ಹಾಸಿದರೆ ಹಾಸಿಗೆ ಮುಚ್ಚುವಷ್ಟು ಅಗಲ. ಮಡಿಸಿ ಎಳೆದರೆ ಹೆಂಗಸಿನ ಉಂಗುರದೊಳಗಿಂದ ಸರಸರನೆ ಹೊರಬರುವಷ್ಟು ತೆಳು. ಹೆಣೆದು ಮುಗಿಸಿದ ಶಾಲು ಕಡ್ಡಿಯಿಂದಿಳಿದಾಗ ಮುದುಡಿದ ಚಿಂದಿಯಂತೆ ಕಾಣುತ್ತದೆ. ಅದನ್ನು ತೊಳೆದು, ಮರದ ಚೌಕಟ್ಟಿಗೆ ಅಂಚಿನ ಒಂದೊಂದು ಮೊನೆಯನ್ನೂ ಕಟ್ಟಿ ಬಿಗಿಯಾಗಿ ಎಳೆದು ಒಣಗಿಸಿದಾಗಲೇ ಅದರೊಳಗಿನ ಚಿತ್ರ ಕಣ್ತೆರೆಯುವುದು.

ಆ ಚಿತ್ರಗಳ ಹೆಸರುಗಳನ್ನು ಕೇಳಬೇಕು: ಹಕ್ಕಿಯ ಕಣ್ಣು, ಬೆಕ್ಕಿನ ಹೆಜ್ಜೆ, ಜರೀಗಿಡ, ಕುದುರೆಲಾಳ, ಜೇಡ. ಒಂದೂ ಅರಮನೆಯಿಂದ ಬಂದದ್ದಲ್ಲ. ಬೆಕ್ಕು ಒಲೆಯ ಮುಂದಿನದು, ಲಾಳ ಹಟ್ಟಿಯದು, ಜೇಡ ಸೂರಿನದು. ಎಲ್ಲಕ್ಕಿಂತ ಹೆಚ್ಚಾಗಿ ಹೆಣೆದದ್ದು ಅಲೆಯನ್ನು. ‘ಅಲೆಯ ಅಚ್ಚು’ ಎಂಬುದೊಂದು ವಿನ್ಯಾಸ. ತೆರೆ ಹಿಂದೆಗೆದ ಮೇಲೆ ಮರಳಿನಲ್ಲಿ ಉಳಿಯುವ ಗೆರೆಗಳ ರೂಪ ಅದಕ್ಕಿದೆ. ‘ಓಲ್ಡ್ ಶೇಲ್’ ಎಂಬುದು ಇನ್ನೊಂದು; ಸಾಲು ಒಮ್ಮೆ ಅಗಲಿ ಒಮ್ಮೆ ಕೂಡಿ ಮೆಲ್ಲನೆ ಏರಿಳಿಯುತ್ತದೆ. ಶಂಖಚಿಪ್ಪು ಎಂಬ ಮಾತು ದ್ವೀಪದವರ ಬಾಯಲ್ಲಿ ಹಾಗಾಯಿತೆಂದು ಹೇಳುವುದುಂಟು.

ಈ ಕಡೆಯ ವಿನ್ಯಾಸ ಶ್ರೀಮಂತರ ಶಾಲಿಗಿಂತ ಹೆಚ್ಚಾಗಿ ‘ಹ್ಯಾಪ್’ ಎಂಬ ಮನೆಬಳಕೆಯ ದಪ್ಪಶಾಲಿನ ಅಂಚಿನಲ್ಲಿ ನೆಲೆನಿಂತಿತು. ನಡುವೆ ಒಂದೇ ಬಣ್ಣದ ಚೌಕ; ಸುತ್ತ ಕಪ್ಪಿನಿಂದ ಬೂದಿಗೆ, ಬೂದಿನಿಂದ ಬಿಳಿಗೆ ಇಳಿಯುತ್ತ ಬರುವ ಅಲೆಗಳು. ಹೆಂಗಸರು ಅದನ್ನು ಎದೆಯ ಮೇಲೆ ಅಡ್ಡಹಾಯಿಸಿ ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಕೂಸನ್ನು ಅದರಲ್ಲಿಯೇ ಸುತ್ತುತ್ತಿದ್ದರು. ಹುಟ್ಟಿದ ಮಗುವಿಗೆ ಮೊದಲು ಹೊದಿಸಿದ್ದು ತಮ್ಮೂರ ಕಡಲ ಅಲೆ.

ಈ ಯಾವ ವಿನ್ಯಾಸಕ್ಕೂ ಬಹುಕಾಲ ಪುಸ್ತಕವಿರಲಿಲ್ಲ. ಇಷ್ಟು ಕುಣಿಕೆ ಕೂಡಿಸು, ಇಲ್ಲಿ ನೂಲು ಸುತ್ತು, ಇಲ್ಲಿ ಬಿಡು ಎಂಬುದು ತಾಯಿಯ ಮಗ್ಗುಲಲ್ಲಿ ಕುಳಿತ ಮಗಳಿಗೆ ಬಾಯಿಂದ ಬಂದದ್ದು. ರಂಗೋಲಿಯ ಚುಕ್ಕಿಗಳ ಲೆಕ್ಕ ಬರುವಂತೆ.

ಎರಡು ಎಳೆಗಳ ಮಾಯೆ

ಬಣ್ಣದ ಹೆಣಿಗೆಗೆ ಹೆಸರು ಕೊಟ್ಟದ್ದು ಫೇರ್ ಐಲ್ ಎಂಬ ಪುಟ್ಟ ದ್ವೀಪ. ಶೆಟ್ಲೆಂಡಿಗೂ ಆರ್ಕ್ನಿಗೂ ನಡುಗಡಲಲ್ಲಿ ಒಂಟಿಯಾಗಿ ನಿಂತಿರುವ ಇದು ಸುಮಾರು ಐದು ಕಿಲೋಮೀಟರು ಉದ್ದ, ಮೂರು ಕಿಲೋಮೀಟರು ಅಗಲ. ವಲಸೆಹಕ್ಕಿಗಳಿಗೆ ಅದು ದಾರಿಯ ತಂಗುದಾಣ. 1948ರಿಂದ ಅಲ್ಲಿ ಪಕ್ಷಿವೀಕ್ಷಣಾಲಯವೊಂದು ನಡೆಯುತ್ತ ಬಂತು. ಅದರ ಕಟ್ಟಡ 2019ರಲ್ಲಿ ಬೆಂಕಿಗೆ ಆಹುತಿಯಾಯಿತು.

ಫೇರ್ ಐಲ್ ಹೆಣಿಗೆಯನ್ನು ದೂರದಿಂದ ನೋಡಿದವರು ಅದರಲ್ಲಿ ಒಂದೇ ಸಾಲಿಗೆ ಏಳೆಂಟು ಬಣ್ಣಗಳಿವೆಯೆಂದು ಭ್ರಮಿಸುತ್ತಾರೆ. ನಿಜವಾಗಿ ಒಂದು ಸಾಲಿನಲ್ಲಿ ಎರಡೇ ಬಣ್ಣ. ಕೆಲಸದಲ್ಲಿಲ್ಲದ ಎಳೆ ಬಟ್ಟೆಯ ಹಿಂದೆ ಸುಮ್ಮನೆ ಸಾಗುತ್ತದೆ. ಅದರ ಸರದಿ ಬಂದಾಗ ಮುಂದೆ ಬರುತ್ತದೆ. ಸಾಲು ಸಾಲಿಗೂ ಬಣ್ಣ ಬದಲಾಗುತ್ತ ಹೋಗುವುದರಿಂದ ಒಟ್ಟಿನಲ್ಲಿ ಬಣ್ಣಗಳ ಹಬ್ಬ. ಹಿಂದೆ ಸಾಗುವ ಎಳೆಯಿಂದ ಬಟ್ಟೆಗೆ ಇಮ್ಮಡಿ ದಪ್ಪ, ಇಮ್ಮಡಿ ಬಿಸುಪು. ಗಾಳಿಯ ನಾಡಿಗೆ ಇದಕ್ಕಿಂತ ತಕ್ಕ ಅಲಂಕಾರವಿಲ್ಲ.

1588ರಲ್ಲಿ ಸ್ಪೇನಿನ ನೌಕಾಸೈನ್ಯದ ‘ಎಲ್ ಗ್ರಾನ್ ಗ್ರಿಫಾನ್’ ಎಂಬ ಹಡಗು ಫೇರ್ ಐಲಿನ ಬಂಡೆಗೆ ಬಡಿದು ಒಡೆಯಿತು. ದಡ ಸೇರಿದ ಸ್ಪೇನಿನವರೇ ಈ ಚಿತ್ತಾರಗಳನ್ನು ಕಲಿಸಿದರೆಂಬ ಕಥೆ ಬಹಳ ದಿನ ಓಡಾಡಿತು. ಅದಕ್ಕೆ ಆಧಾರವಿಲ್ಲ. ಹಸಿದ ಪರದೇಶಿ ಸೈನಿಕರು ಬಡ ರೈತಹೆಂಗಸರಿಗೆ ಚಿತ್ತಾರ ಕಲಿಸಿದರೆಂದು ನಂಬುವುದು ಲೋಕಕ್ಕೆ ಸುಲಭವಾಗಿತ್ತು. ಆ ಹೆಂಗಸರೇ ಬಡಗಣ ಕಡಲಿನ ವ್ಯಾಪಾರದಲ್ಲಿ ಕಂಡದ್ದನ್ನೂ ತಮ್ಮ ಮನೆಯ ಮುಂದೆ ಕಂಡದ್ದನ್ನೂ ಕೂಡಿಸಿ ಕಲ್ಪಿಸಿದರೆಂದು ನಂಬುವುದು ಏಕೋ ಕಷ್ಟವಾಗಿತ್ತು.

ಈ ವಿದ್ಯೆಯ ವಯಸ್ಸಿಗೆ ಸಾಕ್ಷಿ ನುಡಿದವನು ಒಬ್ಬ ಅನಾಮಧೇಯ. 1951ರಲ್ಲಿ ಗನಿಸ್ಟರ್ ಎಂಬಲ್ಲಿ ಪೀಟ್ ಕಡಿಯುತ್ತಿದ್ದ ಇಬ್ಬರಿಗೆ ಮಣ್ಣಿನಲ್ಲಿ ಮನುಷ್ಯನೊಬ್ಬನ ಉಡುಪು ಸಿಕ್ಕಿತು. ಸುಮಾರು 1700ರ ಹೊತ್ತಿನ ಪ್ರಯಾಣಿಕ. ದೇಹ ಬಹುಮಟ್ಟಿಗೆ ಮಣ್ಣಾಗಿತ್ತು, ಉಣ್ಣೆ ಮಾತ್ರ ಅಳಿದಿರಲಿಲ್ಲ. ಹೆಣೆದ ಟೊಪ್ಪಿಗೆ, ಕೈಗವಸು, ತೇಪೆಹಾಕಿದ ಕಾಲುಚೀಲ. ಜೊತೆಗೆ ಬಣ್ಣದ ಚಿತ್ತಾರವಿದ್ದ ಪುಟ್ಟ ಹಣದ ಚೀಲ. ಒಳಗೆ ಡಚ್ಚರ, ಸ್ವೀಡನ್ನಿನ ನಾಣ್ಯಗಳು. ಯಾವ ಕೈ ಆ ಚೀಲವನ್ನು ಹೆಣೆಯಿತೋ ಆ ಕೈಗೆ ಹೆಸರಿಲ್ಲ, ಕೆಲಸ ಉಳಿಯಿತು. ಅದೀಗ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸೊತ್ತು.

ಚಹಾಕ್ಕೆ ಬದಲು ಶಾಲು

ಇಷ್ಟು ಚೆಲುವಾದ ಕೆಲಸಕ್ಕೆ ಎಷ್ಟು ಕೂಲಿ ಬರುತ್ತಿತ್ತು? ಪ್ರಶ್ನೆ ಸಹಜ; ಉತ್ತರ ಕಹಿ. ಬಹುಮಟ್ಟಿಗೆ ಕೂಲಿಯೇ ಬರುತ್ತಿರಲಿಲ್ಲ.

ಹೆಣೆದದ್ದನ್ನು ಹೆಂಗಸರು ಲರ್ವಿಕ್ಕಿನ ಅಂಗಡಿಗೆ ಒಯ್ಯುತ್ತಿದ್ದರು. ವರ್ತಕ ಹಣ ಕೊಡುತ್ತಿರಲಿಲ್ಲ. ತನ್ನ ಅಂಗಡಿಯ ಸಾಮಾನು ಕೊಡುತ್ತಿದ್ದ—ಚಹಾ, ಬಟ್ಟೆ, ಇತ್ಯಾದಿ. ಶಾಲಿನ ಬೆಲೆಯನ್ನು ಕಟ್ಟುವವನೂ ಅವನೇ, ಚಹಾದ ಬೆಲೆಯನ್ನು ಕಟ್ಟುವವನೂ ಅವನೇ. ಮನೆಯಲ್ಲಿ ಹಿಟ್ಟಿಲ್ಲದಿದ್ದರೆ ಬಂದ ಚಹಾವನ್ನು ಯಾರಿಗಾದರೂ ಮಾರಿ ಹಿಟ್ಟು ಕೊಳ್ಳಬೇಕು. 1872ರಲ್ಲಿ ಈ ಪದ್ಧತಿಯನ್ನು ವಿಚಾರಿಸಲು ಸರ್ಕಾರ ನೇಮಿಸಿದ ಆಯೋಗದ ಮುಂದೆ ಹೆಣಿಗೆಯ ಹೆಂಗಸರು ಬಂದು ನಿಂತು ತಮ್ಮ ಲೆಕ್ಕವನ್ನು ಒಪ್ಪಿಸಿದರು. ಅವರ ಮಾತುಗಳು ವರದಿಯಲ್ಲಿ ಅಚ್ಚಾಗಿವೆ. ವರ್ತಕನ ಅಂಗಡಿಯನ್ನೇ ನಂಬಿ ಬದುಕುವ ಹೆಂಗಸು ಅಧಿಕಾರಿಯ ಮುಂದೆ ನಿಂತು ಸತ್ಯ ಹೇಳಿದ್ದು ಸಣ್ಣ ಧೈರ್ಯವಲ್ಲ. 1887ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು. ಆದರೂ ರೂಢಿ ಮುಂದಿನ ಶತಮಾನದೊಳಕ್ಕೂ ಎಳೆದುಕೊಂಡು ಬಂತು.

ಹೀಗಿದ್ದೂ ಅವರು ಹೆಣೆದರು, ಹೆಣೆಯದೆ ಗತಿಯಿರಲಿಲ್ಲ. 1881ರ ಜುಲೈ 20ರ ರಾತ್ರಿ ಹಠಾತ್ತನೆ ಎದ್ದ ಬಿರುಗಾಳಿಯಲ್ಲಿ ಹತ್ತು ದೋಣಿಗಳು ಮುಳುಗಿ 58 ಮಂದಿ ಬೆಸ್ತರು ಸತ್ತರು. ಅವರಲ್ಲಿ ಬಹುಪಾಲು ಯೆಲ್ ದ್ವೀಪದ ಬಡಗಣ ತುದಿಯವರು. ಗ್ಲೂಪ್ ಎಂಬ ಆ ಕಡಲತಡಿಯಲ್ಲಿ ನೂರು ವರ್ಷಗಳ ತರುವಾಯ ಒಂದು ಸ್ಮಾರಕ ನಿಂತಿತು. ಅದರಲ್ಲಿ ದೋಣಿಯಿಲ್ಲ, ಬೆಸ್ತನಿಲ್ಲ. ಮಗುವನ್ನೆತ್ತಿಕೊಂಡು ಕಡಲನ್ನೇ ನೋಡುತ್ತ ನಿಂತ ತಾಯಿಯಿದ್ದಾಳೆ. ಅಂಥ ಮನೆಗಳಲ್ಲಿ ಒಲೆ ಹೊತ್ತಿಸಿದ್ದು ಕಡ್ಡಿಗಳ ಸದ್ದು. ಗಂಡನನ್ನು ನುಂಗಿದ ಕಡಲಿನ ಅಲೆಯನ್ನೇ ಹೆಣೆದು ಮಕ್ಕಳಿಗೆ ಅನ್ನ ಹಾಕಿದವರು ಎಷ್ಟು ಮಂದಿಯೋ! ಶಾಲನ್ನು ಹೊದ್ದ ದೂರದ ನಗರದ ಹೆಂಗಸಿಗೆ ಅದು ಬರಿಯ ಚೆಂದದ ಅಂಚು.

ಕೈಬಿಟ್ಟ ಕಾಲ, ಕೈಹಿಡಿದ ಕಾಲ

ಲೋಕ ಹೊಗಳಿದ ಕಾಲಗಳೂ ಬಂದುವು. ಲರ್ವಿಕ್ಕಿನಲ್ಲಿ ಹುಟ್ಟಿ, ಮುಂದೆ ಮುಂಬಯಿಯವರೆಗೆ ಹಡಗುಗಳನ್ನೋಡಿಸಿದ ಪಿ. ಆಂಡ್ ಓ. ಕಂಪನಿಯ ಸ್ಥಾಪಕರಲ್ಲೊಬ್ಬನಾದ ಆರ್ಥರ್ ಆಂಡರ್ಸನ್ ತನ್ನೂರಿನ ಹೆಣಿಗೆಯನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕೊಟ್ಟು ಅದರ ಹೆಸರು ಎತ್ತಿದ. 1920ರ ದಶಕದ ಮೊದಲಲ್ಲಿ ಬ್ರಿಟನ್ನಿನ ಯುವರಾಜ ಫೇರ್ ಐಲ್ ಸ್ವೆಟರು ತೊಟ್ಟು ಗಾಲ್ಫ್ ಮೈದಾನಕ್ಕೆ ಬಂದದ್ದೇ ತಡ, ಅದು ಷೋಕಿಯ ಉಡುಪಾಯಿತು. 1953ರಲ್ಲಿ ತೇನ್‌ಸಿಂಗ್, ಹಿಲರಿಯವರು ಎವರೆಸ್ಟನ್ನೇರಿದ ತಂಡಕ್ಕೆ ಸ್ವೆಟರುಗಳು ಹೋದದ್ದು ಶೆಟ್ಲೆಂಡಿನ ವೋ ಎಂಬ ಹಳ್ಳಿಯಿಂದ.

1970ರ ದಶಕದಲ್ಲಿ ಸುತ್ತಲ ಕಡಲಿನಡಿಯಿಂದ ತೈಲ ಬಂತು. ಸಲಮ್ ವೋ ಎಂಬಲ್ಲಿ ದೊಡ್ಡ ತೈಲನಿಲ್ದಾಣ ಎದ್ದಿತು. ತಿಂಗಳ ಸಂಬಳದ ಕೆಲಸ ಸಿಕ್ಕಾಗ ಹೆಂಗಸರು ಕಡ್ಡಿಗಳನ್ನು ಕೆಳಗಿಟ್ಟರು. ಅವರನ್ನು ದೂರುವುದು ನ್ಯಾಯವಲ್ಲ. ತಲೆಮಾರುಗಟ್ಟಲೆ ದುಡಿದೂ ಹೊಟ್ಟೆಗೆ ಸಾಲದಿದ್ದ ಕೆಲಸವನ್ನು ಬಿಡುವ ಹಕ್ಕು ಅದನ್ನು ಮಾಡಿದವರಿಗೇ ಇತ್ತು. ಪರಂಪರೆಯೆಂಬುದು ಹೊರಗೆ ನಿಂತು ನೋಡುವವನಿಗೆ ಸುಲಭವಾದ ಮಾತು. ಒಳಗಿರುವವರಿಗೆ ಅದರಲ್ಲಿ ಬೆನ್ನುನೋವೂ ಸೇರಿರುತ್ತದೆ.

ಮನೆಯಲ್ಲಿ ಕಲಿಸುವವರು ಕಡಮೆಯಾದಾಗ ಶಾಲೆ ಆ ಕೆಲಸವನ್ನು ನಡೆಸಿಕೊಂಡು ಬಂದಿತ್ತು. ಪ್ರಾಥಮಿಕ ಶಾಲೆಗಳಲ್ಲಿ ಹೆಣಿಗೆಯ ಪಾಠವಿತ್ತು. 2010ರಲ್ಲಿ ಖರ್ಚು ತಗ್ಗಿಸಬೇಕೆಂದು ದ್ವೀಪದ ಆಡಳಿತ ಮಂಡಳಿ ಅದನ್ನು ನಿಲ್ಲಿಸಲು ತೀರ್ಮಾನಿಸಿತು. ಶತಮಾನಗಳ ಎಳೆ ಅಲ್ಲಿಗೆ ಕಡಿಯುವಂತಿತ್ತು. ಕಡಿಯಲಿಲ್ಲ. 2014ರಲ್ಲಿ ‘ಪೀರಿ ಮ್ಯಾಕರ್ಸ್’ ಎಂಬ ಹೆಸರಿನಲ್ಲಿ ಒಂದು ಪ್ರಯತ್ನ ಆರಂಭವಾಯಿತು. ಪುಟಾಣಿ ಹೆಣಿಗೆಗಾರರು ಎಂದು ಅದರ ಅರ್ಥ. ಬಲ್ಲ ಹಿರಿಯರು ಬಿಡುವಿನ ವೇಳೆಯಲ್ಲಿ ಬಂದು ಮಕ್ಕಳ ಮಗ್ಗುಲಲ್ಲಿ ಕುಳಿತು ಉಚಿತವಾಗಿ ಕಲಿಸುತ್ತಾರೆ. ಹುಡುಗಿಯರೊಂದಿಗೆ ಹುಡುಗರೂ ಸೊಂಟಪಟ್ಟಿ ಕಟ್ಟುತ್ತಾರೆ. 2010ರಿಂದಲೇ ಆರಂಭವಾದ ಉಣ್ಣೆಯ ವಾರೋತ್ಸವಕ್ಕೆ ಶರತ್ಕಾಲದಲ್ಲಿ ನಾನಾ ದೇಶಗಳ ಹೆಣಿಗೆಗಾರರು ಬಂದು ಸೇರುತ್ತಾರೆ. ಅಂಗಡಿಯವನ ಚಹಾಕ್ಕಾಗಿ ಅಲ್ಲ, ಕೈಗೆ ಅದು ಬೇಕೆನಿಸಿದ್ದಕ್ಕಾಗಿ ಹೆಣೆಯುವ ತಲೆಮಾರು ಇದು. ಆಗಿನವರಿಗೆ ಇಲ್ಲದಿದ್ದ ಭಾಗ್ಯ ಅದೇ.

ಅಲ್ಲಿಯ ನಿಸರ್ಗಕ್ಕೂ ಪೆಟ್ಟುಗಳು ಬಿದ್ದಿವೆ. 2021, 2022ರ ಹಕ್ಕಿಜ್ವರದಲ್ಲಿ ‘ಬಾಂಕ್ಸಿ’ ಎಂಬ ದೊಡ್ಡ ಕಡಲಹಕ್ಕಿಗಳು ಅಪಾರವಾಗಿ ಸತ್ತುವು. ಬೇರೆ ಕಡೆಗಳಲ್ಲಾದರೆ ಅಂಥ ಸುದ್ದಿ ಪತ್ರಿಕೆಯ ಒಂದು ಅಂಕಣ. ಶೆಟ್ಲೆಂಡಿನಲ್ಲಿ ಹಾಗಲ್ಲ, ಹೆಸರು ಹಿಡಿದು ಕರೆಯುವ ನೆರೆಯವರು ಕಾಣೆಯಾದಂತೆ. ಹೆಸರಿಟ್ಟವರಿಗೆ ಮಾತ್ರ ಕಳೆದುಕೊಂಡದ್ದು ಗೊತ್ತಾಗುತ್ತದೆ.

ಧಾರವಾಡದ ಸೀಮೆಯ ಹೆಂಗಸರು ಕಸೂತಿಯಲ್ಲಿ ತುಳಸಿಕಟ್ಟೆಯನ್ನೂ ತೇರನ್ನೂ ನವಿಲನ್ನೂ ಎಳೆಯೆಣಿಸಿ ಮೂಡಿಸಿದಾಗ ಅವರೂ ಮಾಡಿದ್ದು ಇದನ್ನೇ: ದಿನವೂ ಕಂಡದ್ದನ್ನು ಒಮ್ಮೆ ನೆಟ್ಟಗೆ ನೋಡಿದ್ದು. ಚಳಿಗಾಲಕ್ಕೆಂದು ಉಣ್ಣೆಯ ಉಂಡೆ ತಂದು ಮಗುವಿನ ಸ್ವೆಟರಿಗೆ ಕುಣಿಕೆ ಎಣಿಸಿ ಕುಳಿತ ಗೃಹಿಣಿಗೆ ಬಣ್ಣ ಯಾವುದೆಂದು ತೋಚದಿದ್ದರೆ ಶೆಟ್ಲೆಂಡಿನ ಅಜ್ಜಿಯರು ಹೇಳಬಹುದಾದ ಮಾತು ಚಿಕ್ಕದು. ಕಿಟಕಿ ತೆರೆದಿದೆ, ಹಿತ್ತಿಲಲ್ಲಿ ಹೊಂಗೆಯ ಚಿಗುರಿದೆ, ಗೋಡೆಯ ಮೇಲೆ ಮಳೆಯ ಪಾಚಿಯಿದೆ, ತಂತಿಯ ಮೇಲೆ ಮೈನಾದ ಕಂದುರೆಕ್ಕೆಯೂ ಹಳದಿ ಕೊಕ್ಕೂ ಇವೆ. ಕಡ್ಡಿ ಎತ್ತುವ ಮೊದಲು ಒಂದು ಗಳಿಗೆ ಅತ್ತ ನೋಡಿದರೆ ಸಾಕು.